ನಮ್ಮ ಕಡೆಯಿಂದ ಬಂದದ್ದು

ನಮ್ಮ ಮನೆತನದಲ್ಲಿ ಏನು ಕೆಟ್ಟದ್ದು ಕಾಣಿಸಿಕೊಂಡರೂ ಅದು ಬೀಗರ ಕಡೆಯಿಂದ ಬಂದಿರುತ್ತದೆ. ನನ್ನ ಮಗನ ಹಲ್ಲು ಸೊಟ್ಟ. ಅದು ನನ್ನ ಹೆಂಡತಿಯ ತವರಿನದು. ಅಕ್ಕನ ಮಗಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ಅಕ್ಕನ ಗಂಡನ ಮನೆಯದು. ಅಪ್ಪನ ಬೊಕ್ಕತಲೆ ನನಗೆ ಬಂದಾಗ ಮಾತ್ರ ಸ್ವಲ್ಪ ತೊಡಕಾಯಿತು. ಕಡೆಗೆ ಅದನ್ನು ಹಾವೇರಿಯ ನೀರಿನ ಮೇಲೆ ಹಾಕಿದರು. ಬಣ್ಣ, ಎತ್ತರ, ಲೆಕ್ಕದಲ್ಲಿ ಚುರುಕು ಇವೆಲ್ಲ ನಮ್ಮ ಕಡೆಯವು. ನಾನು ಹಾವೇರಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಆನುವಂಶಿಕತೆಯ ಪಾಠವನ್ನು ಪ್ರತಿ ವರ್ಷವೂ ಬಟಾಣಿ ಗಿಡದ ಸಮೇತ ಮಾಡುತ್ತೇನೆ. ಮನೆಯಲ್ಲಿ ಆ ಪಾಠಕ್ಕೆ ಯಾರ ಹಾಜರಾತಿಯೂ ಇಲ್ಲ.

ನಮ್ಮ ಮನೆ ಇರುವುದು ರಾಣೆಬೆನ್ನೂರಿನಲ್ಲಿ. ಮಗ ಅಲ್ಲೇ ಒಂದು ಬೀಜದ ಕಂಪನಿಯಲ್ಲಿದ್ದಾನೆ. ರೈತರ ಹೊಲಗಳಲ್ಲಿ ಟೊಮೆಟೊ, ಮೆಣಸಿನ ಗಿಡಗಳಿಗೆ ಕ್ರಾಸಿಂಗ್ ಮಾಡಿಸುವುದು ಅವನ ಕೆಲಸ. ಒಂದು ತಳಿಯ ಹೂವಿನೊಳಗಿನ ಗಂಡುಭಾಗವನ್ನು ಚಿಮಟದಿಂದ ಕಿತ್ತು, ಬೇರೆ ತಳಿಯ ಪರಾಗವನ್ನು ಮುಟ್ಟಿಸಬೇಕು. ಸಂಬಂಧ ದೂರದ್ದಾದಷ್ಟೂ ಪೀಕು ಜೋರು ಎಂದು ಅವನು ರೈತರಿಗೆ ದಿನಾ ಹೇಳುತ್ತಾನೆ. ಇಂಥವನಿಗೆ ನಾವು ಅಕ್ಕನ ಮಗಳನ್ನು ಅವಳು ತೊಟ್ಟಿಲಲ್ಲಿದ್ದಾಗಲೇ ಗೊತ್ತು ಮಾಡಿಟ್ಟಿದ್ದೆವು. ಹೆಸರಿಡುವ ದಿನ ಅಕ್ಕ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, "ತಮ್ಮಾ, ನಿನ್ನ ಸೊಸಿ, ಹಿಡಕೊ" ಅಂದಿದ್ದಳು. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನ ಮನೆಯದು. ಹುಡುಗಿ ದೊಡ್ಡವಳಾಗಿ ಹಾವೇರಿಯ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಖರೇನೇ ಮೆಚ್ಚಿಕೊಂಡರು. ಇದು ನಮ್ಮ ಯೋಜನೆಯಲ್ಲಿ ಇರಲಿಲ್ಲ, ಆದರೆ ಯಾರೂ ಆಕ್ಷೇಪ ಮಾಡಲಿಲ್ಲ. ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಮದುವೆ ಎಂದಾಯಿತು.

ಸುಗ್ಗಿಗೆ ಇನ್ನೂ ಏಳೆಂಟು ತಿಂಗಳು ಇರುವಾಗಲೇ ಬ್ಯಾಡಗಿಯಲ್ಲಿ ಅಕ್ಕನ ಹೊಟ್ಟೆ ಉಬ್ಬತೊಡಗಿತು. ಅವಳು ಅದನ್ನು ವಾಯು ಅಂದುಕೊಂಡು ಜೀರಿಗೆ ನೀರು ಕುಡಿದಳು. ಶನಿವಾರ ಕದರಮಂಡಲಗಿಗೆ ಹೋಗಿ ಆಂಜನೇಯನಿಗೆ ಎಣ್ಣೆ ಹಾಕಿ ಬಂದಳು. ಕೊನೆಗೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಅದು ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಯಿತು, ಕಿಮೋ ಆಯಿತು, ಕೂದಲು ಹೋಯಿತು. ಕೂದಲು ಹೋದದ್ದಕ್ಕೆ ಅಕ್ಕ ಅಳಲಿಲ್ಲ. "ಎಣ್ಣಿ ಉಳೀತು" ಅಂದಳು.

ಇದಾದ ಮೇಲೆ ಡಾಕ್ಟರು ಅವಳ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಒಂದು ಜೀನ್ ಹುಟ್ಟಿನಿಂದಲೇ ಕೆಟ್ಟಿದೆ ಎಂದು ಬಂತು. ಅದರ ಹೆಸರು ಲಾರಿಯ ನಂಬರ್ ಪ್ಲೇಟಿನ ಹಾಗಿದೆ, ಬಿಡಿ. ಇದು ಗೊತ್ತಾದದ್ದು ಒಳ್ಳೆಯದೇ ಆಯಿತು, ಇದಕ್ಕೆಂದೇ ಒಂದು ಹೊಸ ಗುಳಿಗೆ ಇದೆ ಎಂದರು ಡಾಕ್ಟರು. ಆಮೇಲೆ, "ಒಡಹುಟ್ಟಿದವರು, ಮಕ್ಕಳು ಎಲ್ಲರೂ ರಕ್ತ ಕೊಡಬೇಕು" ಅಂದು ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಹೊಟ್ಟೆ ಮುಟ್ಟಿಕೊಂಡೆ.

ವಾಪಸು ಬರುವಾಗ ಅಕ್ಕ ಕಾರಿನಲ್ಲೇ ತೀರ್ಪು ಕೊಟ್ಟಳು.

"ಇದು ಇವರ ಮನಿದು."

ಇವರು ಅಂದರೆ ಮುಂದಿನ ಸೀಟಿನಲ್ಲಿ ಕೂತಿದ್ದ ಅವಳ ಗಂಡ, ನನ್ನ ಮಾವ. ಮಾವ ಕಿಟಕಿಯ ಆಚೆ ನೋಡಿದ. ಮದುವೆಯಾದಾಗಿನಿಂದ ಇಂಥ ತೀರ್ಪುಗಳನ್ನು ಕೇಳಿ ಅವನಿಗೆ ರೂಢಿಯಾಗಿತ್ತು.

"ಅಕ್ಕಾ, ಗಂಡನ ಜೀನ್ ಹೆಂಡ್ತಿಗೆ ಬರೂದಿಲ್ಲ" ಅಂದೆ.

"ಅವರ ಮನಿ ಅನ್ನ ಉಂಡೇನಿಲ್ಲೊ?"

ಬಟಾಣಿ ಗಿಡದಲ್ಲಿ ಇದಕ್ಕೆ ಉತ್ತರವಿಲ್ಲ.

ಆದರೆ ಹಾಗೆ ಬಿಡುವ ವಿಷಯ ಅದಲ್ಲ. ನಮ್ಮ ಅವ್ವ ನಾನು ಹೈಸ್ಕೂಲಿನಲ್ಲಿದ್ದಾಗ ಹೊಟ್ಟೆಯ ಗಡ್ಡೆಯಾಗಿ ತೀರಿಕೊಂಡಳು. ಅವಳ ತವರಿನವರು ಅದನ್ನು ನಮ್ಮ ಅಪ್ಪನ ಮನೆಯ ಮೇಲೆ ಹಾಕಿ ಹೋಗಿದ್ದರು. ನನಗೆ ಈಗ ಲೆಕ್ಕ ತಿಳಿಯುತ್ತಿತ್ತು. ಅವ್ವನಿಂದ ಅಕ್ಕನಿಗೆ ಬಂದಿದ್ದರೆ ನನಗೂ ಬಂದಿರಬಹುದು. ಅಕ್ಕನಿಂದ ಅವಳ ಮಗಳಿಗೆ, ನನ್ನಿಂದ ನನ್ನ ಮಗನಿಗೆ ಬಂದಿರಬಹುದು. ನಾವು ಮದುವೆ ಮಾಡಹೊರಟದ್ದು ಅವರಿಬ್ಬರಿಗೇ.

ಮುಂದಿನ ಭಾನುವಾರ ಬ್ಯಾಡಗಿಗೆ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ಹರವಿತ್ತು, ಘಾಟಿಗೆ ಕಣ್ಣು ಉರಿಯುತ್ತಿತ್ತು. ಅಕ್ಕ ತಲೆಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುತ್ತ ಕೂತಿದ್ದಳು. ವಿಶ್ರಾಂತಿ ತಗೊ ಅಂದಿದ್ದಾರಲ್ಲ ಅಂದೆ. "ಕುಂತಲ್ಲೇ ಕುಂತೇನಲ್ಲ, ಇದು ವಿಶ್ರಾಂತಿ ಅಲ್ಲೇನು?" ಅಂದಳು. ನಾನೂ ಎದುರಿಗೆ ಕೂತು ತೊಟ್ಟು ಬಿಡಿಸುತ್ತ ಪಾಠ ಶುರು ಮಾಡಿದೆ.

"ಅಕ್ಕಾ, ಮೈಯಾಗ ಒಂದೊಂದು ಕೋಶದಾಗೂ ಒಂದು ಉದ್ದನ ನೂಲೈತಿ. ಅದು ದಿನಾ ಹರೀತೈತಿ."

"ದಿನಾ?"

"ದಿನಾ. ಬಿಸಲಿಗೆ, ಹೊಗಿಗೆ. ಏನೂ ಇಲ್ಲಂದ್ರ ತಾನ ಹರೀತೈತಿ."

"ಮತ್ತ ನಾವೆಲ್ಲಾ ಹೆಂಗ ಬದಕೇವಿ?"

"ದಿನಾ ಕೂಡಸಾಕ ಒಳಗ ಮಂದಿ ಅದಾರ."

ಆ ಮಂದಿ ಎಂದರೆ ಪ್ರೋಟೀನುಗಳು. ಅವುಗಳ ಬಗ್ಗೆ ನಾನು ಇಷ್ಟು ವರ್ಷ ಕಲಿಸಿದ್ದು ಬೀಗ ಮತ್ತು ಕೀಲಿಕೈಯ ಪಾಠ. ಪ್ರತಿ ಪ್ರೋಟೀನಿಗೂ ಒಂದು ಗಟ್ಟಿ ಆಕಾರ, ಆ ಆಕಾರಕ್ಕೆ ತಕ್ಕ ಕೆಲಸ. ಅಕ್ಕನ ಸಲುವಾಗಿ ಬಹಳ ದಿನಗಳ ಮೇಲೆ ಓದಲು ಕೂತಾಗ ಬೇರೆಯೇ ಸಂಗತಿ ತಿಳಿಯಿತು. ಹರಿದ ಜಾಗಕ್ಕೆ ಓಡಿಬರುವ ಎಷ್ಟೋ ಪ್ರೋಟೀನುಗಳಲ್ಲಿ ಉದ್ದುದ್ದ ಭಾಗಗಳಿಗೆ ಆಕಾರವೇ ಇಲ್ಲ. ಅವು ಜೋತುಬಿದ್ದಿರುತ್ತವೆ, ಗಳಿಗೆಗೊಂದು ರೀತಿ ಬಾಗುತ್ತವೆ. ಮೊದಮೊದಲು ತಿಳಿದವರೂ ಅವನ್ನು ಕೆಲಸಕ್ಕೆ ಬಾರದ ಬಾಲಗಳು ಎಂದು ಬಿಟ್ಟಿದ್ದರಂತೆ. ನಾನಂತೂ ಅವುಗಳ ಮೇಲೆ ಒಂದು ಅಂಕದ ಪ್ರಶ್ನೆಯನ್ನೂ ಕೇಳಿದವನಲ್ಲ. ಆದರೆ ನೂಲು ಎಲ್ಲಿ, ಹೇಗೆ ಹರಿದು ಬಿದ್ದಿರುತ್ತದೋ ಮೊದಲೇ ಹೇಳಲಾಗದು. ಗಟ್ಟಿಯಾದದ್ದು ತನಗೆ ಸರಿಹೊಂದುವ ಜಾಗವನ್ನೇ ಕಾಯಬೇಕು. ಸಡಿಲಾದದ್ದು ದೂರದಿಂದಲೇ ತಡಕಾಡಿ ತುದಿಯನ್ನು ಹಿಡಿಯುತ್ತದೆ, ಹಿಡಿದ ಮೇಲೆ ಅದಕ್ಕೆ ತಕ್ಕಂತೆ ಮೈ ಹೊಂದಿಸಿಕೊಳ್ಳುತ್ತದೆ. ಒಂದರ ಬಾಲಕ್ಕೆ ಇನ್ನೊಂದು ತಗುಲಿ ಹರಿದ ಜಾಗದ ಸುತ್ತ ಸೇರಿಕೊಳ್ಳುತ್ತವೆ, ಸಾರಿನ ಮೇಲಿನ ಎಣ್ಣೆಯ ಹನಿಗಳು ಕೂಡಿಕೊಂಡಂತೆ.

ಇದನ್ನೆಲ್ಲ ಅಕ್ಕನಿಗೆ ಹೇಗೆ ಹೇಳುವುದು ಎಂದು ಯೋಚಿಸುವಾಗ ಕಾಗಿನೆಲೆ ಹತ್ತಿರದ ನಮ್ಮ ಹಳೆಯ ಊರಿನ ಬಾವಿ ನೆನಪಾಯಿತು. ಬಾವಿಗೆ ಕೊಡ ಬಿದ್ದರೆ ಎತ್ತಲು ಪಾತಾಳಗರಡಿ ಬೇಕು: ಹಗ್ಗದ ತುದಿಗೆ ಕಟ್ಟಿದ ಕಬ್ಬಿಣದ ಕೊಕ್ಕೆಗಳ ಗೊಂಚಲು. ಓಣಿಗೆಲ್ಲ ಒಂದೇ ಇತ್ತು, ಒಬ್ಬರ ಮನೆಯಲ್ಲಿ. ಅದನ್ನು ಒಯ್ಯುವವರು ಅವರ ಮನೆಯಲ್ಲಿ ಒಂದು ತಂಬಿಗೆಯನ್ನಾದರೂ ಒತ್ತೆ ಇಡಬೇಕು, ಇಲ್ಲದಿದ್ದರೆ ಗರಡಿಗೆ ಕೊಡ ಸಿಗುವುದಿಲ್ಲ ಎಂದು ನಂಬಿಕೆ. ಅಕ್ಕ ಲಂಗ ಎತ್ತಿ ಕಟ್ಟಿ, ಬಾವಿಯ ಕಟ್ಟೆಗೆ ಎದೆ ಒತ್ತಿ ನಿಂತು ಗರಡಿ ಆಡಿಸುತ್ತಿದ್ದಳು.

"ಪಾತಾಳಗರಡಿ ಆಡಸ್ತಿದ್ದೆಲ್ಲ ಅಕ್ಕಾ, ಹಗ್ಗದ ಬದಲಿ ಬಿದಿರ ಗಳಕ್ಕ ಕಟ್ಟಿದ್ರ ಕೊಡ ಸಿಗ್ತಿತ್ತೇನು?"

"ಗಳ ಎಲ್ಲಿ ಆಡತೈತೊ? ಹಗ್ಗ ಸಡ್ಲ ಬಿಡಬೇಕು. ತಾನ ತಿರಗಿ ತಿರಗಿ ಹೋಗಿ ತಗಲ್ತೈತಿ."

"ಅದ. ನಿನ್ನ ಜೀನ್ ಮಾಡೋ ಪ್ರೋಟೀನ್ ಅಂಥಾದ್ದೊಂದು ಉದ್ದ ಹಗ್ಗ. ನೂಲು ಕೂಡಸವರನ್ನ ಮೈಗೆ ಕಟಗೊಂಡು ಹರದಲ್ಲಿಗೆ ಒಯ್ಯತೈತಿ. ನಿನ್ನ ಹಗ್ಗ ಹುಟ್ಟಿನಿಂದ ಗಿಡ್ಡ ಐತಿ. ನೀರು ಮುಟ್ಟೂದಿಲ್ಲ."

ಅಕ್ಕ ಇನ್ನೊಂದು ಬೊಗಸೆ ಕಾಯಿ ಎಳೆದುಕೊಂಡಳು. ಒಳಗೆ ಇರುವುದು ಒಂದೇ ಹಗ್ಗವೇನು ಎಂದು ಕೇಳಿದಳು. ಎರಡು, ಅಪ್ಪನದೊಂದು ಅವ್ವನದೊಂದು ಅಂದೆ. ಒಂದು ಸರಿ ಇದ್ದರೆ ದಿನದ ಸಂಸಾರ ನಡೆಯುತ್ತದೆ. ಯಾವುದೋ ಒಂದು ಕೋಶದಲ್ಲಿ ಆ ಒಂದೂ ಕೆಟ್ಟಿತೆಂದರೆ ಹರಿದದ್ದು ಹರಿದಂತೆಯೇ ಉಳಿದು, ಗಡ್ಡೆಯಾಗಬಹುದು. ಹೊಸ ಗುಳಿಗೆ ಆ ಕೆಟ್ಟ ಕೋಶಗಳಿಗೆ ಉಳಿದಿರುವ ಇನ್ನೊಂದು ರಿಪೇರಿಯ ದಾರಿಯನ್ನು ಮುಚ್ಚುತ್ತದೆ. ಆಗ ಅವು ಸಾಯುತ್ತವೆ. ಸರಿ ಇರುವ ಕೋಶಗಳು ತಮ್ಮ ಒಂದು ಹಗ್ಗದಿಂದ ಬದುಕಿಕೊಳ್ಳುತ್ತವೆ.

"ಅಂದ್ರ ರಿಪೇರಿ ನಿಲ್ಲಸೋ ಗುಳಿಗಿ ಕೊಟ್ಟು ನನ್ನ ರಿಪೇರಿ ಮಾಡಾಕತ್ತಾರ."

"ಹೌದು."

"ಇಷ್ಟು ರೊಕ್ಕಾ ತಗೊಂಡು." ಅಷ್ಟು ಹೇಳಿ ಅವಳು ಕೈ ನಿಲ್ಲಿಸಿದಳು. "ತಮ್ಮಾ, ಹುಟ್ಟೋ ಕೂಸಿಗೆ ಅಪ್ಪನ ಹಗ್ಗಾನೂ ಗಿಡ್ಡ, ಅವ್ವನ ಹಗ್ಗಾನೂ ಗಿಡ್ಡ ಬಂದ್ರ?"

ನನಗೆ ಉತ್ತರ ಗೊತ್ತಿತ್ತು. ಅದು ಅಪರೂಪ. ಆದರೆ ಅಂಥ ಮಕ್ಕಳಿಗೆ ಎಳವೆಯಲ್ಲೇ ರಕ್ತ ಹುಟ್ಟುವ ಮಜ್ಜೆ ಸೋಲುತ್ತದೆ, ಅವರ ಬದುಕು ಕಷ್ಟ. ಅಕ್ಕನ ಮಗಳು ಅಷ್ಟರಲ್ಲಿ ಚಹಾ ತಂದಳು. ನಾವಿಬ್ಬರೂ ಅವಳ ಮುಖ ನೋಡಿದೆವು. ಸಕ್ಕರೆ ಕಡಿಮೆಯಾಗಿದೆಯಾ ಎಂದು ಅವಳು ಕೇಳಿದಳು.

ನನ್ನ ಹೆಂಡತಿಗೆ ಇಷ್ಟೆಲ್ಲ ವಿವರಣೆ ಬೇಕಾಗಲಿಲ್ಲ. ಅವಳಿಗೆ ಅರ್ಧ ಮಾತಿನಲ್ಲೇ ತಿಳಿಯಿತು, ಮತ್ತು ಆ ಅರ್ಧವೇ ತಿಳಿಯಿತು.

"ಅಕ್ಕಾರಿಗೆ ಐತಿ ಅಂದ್ರ ಮಗಳಿಗೂ ಬಂದಿರ್ತೈತಿ. ಮದವಿ ಸ್ವಲ್ಪ ತಡೀರಿ."

"ಬಂದಿರಬಹುದು. ನನಗೂ ಬಂದಿರಬಹುದು."

"ನಿಮಗ್ಯಾಕ ಬರ್ತೈತ್ರಿ? ನೀವು ಗಂಡಸರು."

ಅಂಡಾಶಯ ಇಲ್ಲದವನಿಗೆ ಅಂಡಾಶಯದ ರೋಗದ ಜೀನ್ ಹೇಗೆ ಬಂದೀತು ಎಂಬುದು ಅವಳ ವಾದ. ಆ ಜೀನ್ ಗಂಡು ಹೆಣ್ಣು ನೋಡುವುದಿಲ್ಲ, ಗಂಡಸರಿಗೂ ಬೇರೆ ಕಡೆ ಗಡ್ಡೆ ತರುತ್ತದೆ, ಏನೂ ತರದೆ ಸುಮ್ಮನೆ ಮುಂದಕ್ಕೂ ದಾಟುತ್ತದೆ ಎಂದು ಹೇಳಿದೆ. ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಮ್ಮ ಮನೆಯಲ್ಲಿ ಚರ್ಚೆ ಮುಗಿಯಿತು ಎನ್ನುವುದಕ್ಕೆ ಅದೇ ಗುರುತು. ಮಗ ಅಲ್ಲೇ ಊಟಕ್ಕೆ ಕೂತಿದ್ದ. ಮರುದಿನದಿಂದ ನಸುಕಿನಲ್ಲೇ ಕ್ರಾಸಿಂಗ್ ಪ್ಲಾಟಿಗೆ ಹೋಗತೊಡಗಿದ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎನ್ನುತ್ತಿದ್ದ. ಆ ಪ್ಲಾಟು ಹೆದ್ದಾರಿಯ ಪಕ್ಕದಲ್ಲೇ ಇದೆ.

ಅಕ್ಕನ ಮಗಳು ರಕ್ತ ಕೊಟ್ಟಳು. ನಾನೂ ಕೊಟ್ಟೆ. ಅದಕ್ಕೆ ನನ್ನ ಹೆಂಡತಿ, ಓದಿದವರಿಗೆ ಎಲ್ಲದರಲ್ಲೂ ತಮ್ಮದೊಂದು ಇರಬೇಕು ಅಂದಳು. ಫಲಿತಾಂಶ ಬರುವವರೆಗೆ ಮದುವೆಯ ಮಾತು ಅಟ್ಟ ಏರಿತು.

ಆ ದಿನಗಳಲ್ಲಿ ಒಮ್ಮೆ ಅಕ್ಕನ ಮಗಳು ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಕಾಲೇಜಿಗೆ ಬಂದಳು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಮಾಮಾ, ನನಗ ಅದು ಬಂದಿದ್ರ ಏನ ಮಾಡ್ತೀರಿ?"

ನಾನು ಬೋರ್ಡಿನ ಹತ್ತಿರ ಹೋದೆ. ಬರುವ ಸಾಧ್ಯತೆ ಅರ್ಧ, ಬಾರದಿರುವ ಸಾಧ್ಯತೆ ಅರ್ಧ ಎಂದು ಚೌಕ ಹಾಕಿ ತೋರಿಸಿದೆ. ಬಂದಿದ್ದರೂ ರೋಗ ಬಂದೇ ತೀರಬೇಕೆಂದಿಲ್ಲ, ವರ್ಷಾ ವರ್ಷಾ ತಪಾಸಣೆ ಮಾಡಿಸಿಕೊಳ್ಳುತ್ತ, ಬೇಕಾದರೆ ಮಕ್ಕಳಾದ ಮೇಲೆ ಅಂಡಾಶಯ ತೆಗೆಸಿಕೊಂಡು ಎಲ್ಲರ ಹಾಗೆ ಬದುಕಬಹುದು ಎಂದೆ. ಚೌಕ ಬಹಳ ಚೆನ್ನಾಗಿ ಬಂದಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾ ಕೇಳಿದ್ದು ಅದಲ್ಲರಿ" ಅಂದು ಎದ್ದು ಹೋದಳು.

ಎರಡೂ ಫಲಿತಾಂಶಗಳನ್ನು ಡಾಕ್ಟರು ಒಂದೇ ದಿನ ಫೋನಿನಲ್ಲಿ ಹೇಳಿದರು. ಅಕ್ಕನ ಮಗಳಿಗೆ ಇಲ್ಲ. ನನಗೆ ಇದೆ. ಮಗನದನ್ನೂ ನೋಡಬೇಕು ಎಂದರು. ಅವನದೂ ಆಯಿತು. ಅವನಿಗೂ ಇದೆ.

ನನ್ನ ಹೆಂಡತಿ ಕೇಳಿಸಿಕೊಂಡು ಕಟ್ಟೆಯ ಮೇಲೆ ಕೂತಳು. ಯಾರ ಮೇಲೆ ಹಾಕುವುದು ಎಂದು ಹುಡುಕುತ್ತಿದ್ದಳೋ ಏನೋ. ಈ ಸಲ ಅದು ಬಂದದ್ದು ನಮ್ಮ ಕಡೆಯಿಂದಲೇ, ಬೀಗರ ಕಡೆ ಯಾರೂ ಸಿಗುವಂತಿರಲಿಲ್ಲ. ಆಮೇಲೆ ಅವಳು ಎದ್ದು ಮಗನ ಹತ್ತಿರ ಹೋದಳು. ಅವನು ಜ್ವರ ಬಂದ ಕೂಸು ಎಂಬಂತೆ ಹಣೆ ಮುಟ್ಟಿದಳು. ನಾನು ಕೊಟ್ಟದ್ದು ಅದು. ಕೇಳದೆ, ಗೊತ್ತಿಲ್ಲದೆ ಕೊಟ್ಟದ್ದು. ಅವ್ವನೂ ಹಾಗೆಯೇ ಕೊಟ್ಟಿದ್ದಳು, ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮೇಲೆ ಮಾತ್ರ ಬಂತು, ತಿಳಿದವನಾಗಿದ್ದೂ.

ಅಕ್ಕನಿಗೆ ಡಾಕ್ಟರು ಹೇಳಿದ ದಿನ ಒಮ್ಮೆ, ಮಗನದು ಬಂದ ಮೇಲೆ ಇನ್ನೊಮ್ಮೆ ಫೋನ್ ಮಾಡಿದೆ. ಆ ಮೊದಲ ದಿನ, ಮಗಳಿಗೆ ಇಲ್ಲ ಎಂದು ಮುಂಚೆ ಹೇಳಿದೆ, ನನಗೆ ಇದೆ ಎಂದು ಆಮೇಲೆ. ಅವಳು ಮೊದಲನೆಯದನ್ನು ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು.

"ನಿನಗೂ ಬಂತೇನೊ ತಮ್ಮಾ" ಅಂದಳು. ಕೂದಲು ಹೋದಾಗ ಅಳದವಳು ಆಗ ಅತ್ತಳು.

ಮದುವೆಗೆ ಇನ್ನು ಅಡ್ಡಿ ಇಲ್ಲ ಎಂದು ಡಾಕ್ಟರೇ ಹೇಳಿದ್ದರು. ಹುಡುಗಿಯ ಎರಡೂ ಹಗ್ಗ ಸರಿ ಇರುವುದರಿಂದ ಮಕ್ಕಳಿಗೆ ಎರಡೂ ಗಿಡ್ಡ ಬರುವ ಭಯವಿಲ್ಲ. ಒಂದು ಬಂದರೂ ಬರಬಹುದು, ಅದಕ್ಕೆ ಈಗಿನಿಂದಲೇ ದಾರಿಗಳಿವೆ. ನನ್ನ ಹೆಂಡತಿ ಇದನ್ನು ಒಂದೇ ದಿನದಲ್ಲಿ ಅರಗಿಸಿಕೊಂಡಳು. "ಅದೇನು ಭಾರಿ ರೋಗ ಅಲ್ಲ ಬಿಡ್ರಿ, ಗುಳಿಗಿ ಬಂದಾವಂತ" ಅಂದಳು. ಎರಡನೆಯ ದಿನ, ಹುಡುಗಿ ಬಂಗಾರದಂಥವಳು ಎಂದು ತಾನು ಮೊದಲಿನಿಂದಲೂ ಹೇಳುತ್ತಿದ್ದೆ ಅಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಅವಳನ್ನು ಆಡಿಕೊಳ್ಳುವ ಮನಸ್ಸಾಗಲಿಲ್ಲ. ಮಗನ ಹಣೆ ಮುಟ್ಟಿದ್ದನ್ನು ನಾನು ನೋಡಿದ್ದೆ.

ಅವಳು ಹಾವೇರಿಯಲ್ಲಿ ಒಂದು ಇಳಕಲ್ ಸೀರೆ, ಒಂದು ಕುಪ್ಪಸದ ಖಣ ತೆಗೆದಳು. ಕಾಯಿ, ಎಲೆ ಅಡಿಕೆ ಕಟ್ಟಿಕೊಂಡು ಮೂವರೂ ಬ್ಯಾಡಗಿಗೆ ಹೋದೆವು. ಮಗ ಕಾರು ನಡೆಸಿದ. ದಾರಿಯುದ್ದಕ್ಕೂ ಲಾರಿಗಳಿಗೆ ಹಾದಿ ಬಿಟ್ಟುಕೊಡುತ್ತಲೇ ಹೋದ.

ಅಕ್ಕ ಅಂಗಳದಲ್ಲೇ ಚಾಪೆ ಹಾಸಿದಳು. ಮಾವ ನೀರು ತಂದುಕೊಟ್ಟು ಕಂಬಕ್ಕೆ ಒರಗಿ ಕೂತ. ಅಕ್ಕನ ಮಗಳು ಮೆಣಸಿನಕಾಯಿ ರಾಶಿಯ ಹತ್ತಿರ ಇದ್ದವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಅವ್ವನ ಪಕ್ಕ ಕೂತಳು. ನನ್ನ ಹೆಂಡತಿ ಸೀರೆಯನ್ನು ತಟ್ಟೆಯಲ್ಲಿಟ್ಟು ಮುಂದೆ ಸರಿಸಿದಳು.

"ಅಕ್ಕಾರ, ಆಗಿದ್ದು ಆತು. ದೇವರು ದೊಡ್ಡಾವ. ಇನ್ನ ದಿನಾ ಗೊತ್ತ ಮಾಡೂಣ್ರಿ."

ಅಕ್ಕ ಮಗಳ ಕಡೆ ನೋಡಿದಳು. "ನನ್ನ ಕೇಳಬ್ಯಾಡ್ರಿ, ಅಕಿನ್ನ ಕೇಳ್ರಿ" ಅಂದಳು. ತೊಟ್ಟಿಲಲ್ಲಿದ್ದಾಗ ಕೇಳದೆ ಕೊಟ್ಟವಳು ಅವಳೇ.

ಹುಡುಗಿ ಸೀರೆಯನ್ನು ಮುಟ್ಟಲಿಲ್ಲ.

"ಅತ್ತೀ, ನನಗ ಅದು ಇದ್ದಿದ್ರ ನೀವು ಈ ಸೀರಿ ತರ್ತಿದ್ರೇನು?"

ನನ್ನ ಹೆಂಡತಿ ಖಣದ ಅಂಚನ್ನು ಸರಿಮಾಡಿದಳು. ಹುಡುಗಿ ಉತ್ತರಕ್ಕೆ ಕಾಯಲಿಲ್ಲ. ಅವಳಲ್ಲಿ ಸಿಟ್ಟು ಕಾಣಲಿಲ್ಲ, ನಾನು ಅದನ್ನು ನೋಡಲು ತಯಾರಾಗಿ ಕೂತಿದ್ದೆ. ಅವಳು ನನ್ನ ಮಗನ ಕಡೆ ತಿರುಗಿದಳು.

"ನೀ ಬರ್ತಿದ್ದೇನು?"

ನೆಟ್‌ವರ್ಕಿನ ಮಾತು ಬಿಟ್ಟರೆ ಅವನು ಸುಳ್ಳು ಹೇಳುವವನಲ್ಲ. ಒಂದು ಸುಳ್ಳಿನಿಂದ ಎಲ್ಲ ಸರಿಹೋಗುತ್ತಿತ್ತು.

"ಗೊತ್ತಿಲ್ಲ" ಅಂದ.

"ನನಗ ಗೊತ್ತಿತ್ತು" ಅಂದಳು ಅವಳು. "ನಿನಗ ಐತಿ ಅಂತ ಮಾಮಾ ಫೋನ್ ಮಾಡಿದಾಗ, ಇದ್ರ ಇರಲಿ, ನಾ ಅವನ ಜೋಡಿನ ಇರ್ತೇನಿ ಅಂತ ಅವ್ವಗ ಹೇಳಿದೆ. ಆ ಮ್ಯಾಲ ವಿಚಾರ ಮಾಡಿದೆ. ನನಗಿರಬಹುದು ಅಂದಾಗ ನೀ ಒಂದ ಫೋನ್ ಎತ್ತಲಿಲ್ಲ. ನಾಳೆ ಖರೇನ ನನಗ ಏನರ ಬಂದ್ರ, ನೀ ಹೊಲಕ್ಕ ಹೋಗಿರ್ತಿ. ನಾ ಒಲ್ಲೆ."

ಅವಳು ಎದ್ದು ನಿಂತು, ಮತ್ತೆ ಏನೋ ನೆನಪಾದವಳಂತೆ ಅವನಿಗೆ, "ವರ್ಷಾ ವರ್ಷಾ ಹುಬ್ಬಳ್ಳಿಗೆ ಹೋಗಿ ತೋರಸ್ಕೊ, ತಪ್ಪಸಬ್ಯಾಡ" ಅಂದಳು. ಸೀರೆಯ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ನನ್ನ ಹೆಂಡತಿಯ ಮಡಿಲಿಗೆ ಮೆಲ್ಲಗೆ ಇಟ್ಟು, ಮೆಣಸಿನಕಾಯಿ ರಾಶಿಯ ಹತ್ತಿರ ಹೋಗಿ ಕೂತಳು.

ಮಗ ಕಾರಿನ ಕಡೆ ನಡೆದ. ಅಕ್ಕ ಮಗಳನ್ನು ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಅವಳು ಹೇಳಿದ್ದರಲ್ಲಿ ತಿದ್ದುವಂಥದ್ದು ನನಗೆ ಏನೂ ಸಿಗಲಿಲ್ಲ. ತೊಡೆಯ ಮೇಲೆ ಹಾಕಿಕೊಟ್ಟ ಸೊಸೆಯನ್ನು ಕಳೆದುಕೊಂಡು ನಾನು ಅಲ್ಲೇ ಚಾಪೆಯ ಮೇಲೆ ಕೂತು ಅತ್ತುಬಿಟ್ಟೆ. ಸುಗ್ಗಿಯ ಕಾಲ, ಬ್ಯಾಡಗಿಯಲ್ಲಿ ಆಗ ಕಣ್ಣೀರು ಒರೆಸಿಕೊಳ್ಳುವವನನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ.